ಕ್ಲಿಫರ್ಡ್ ಬ್ರೌನನ ತುತ್ತೂರಿ

ಭೈರುಂಬೆಯಲ್ಲಿ ಮಳೆ ಹಿಡಿದು ಅಂಗಳಕ್ಕೂ ಇಳಿಯಲಾಗದ ಸಂಜೆಗಳಲ್ಲಿ ನಾನು ಮತ್ತೆ ಮತ್ತೆ ಕೇಳುವ ಧ್ವನಿಮುದ್ರಿಕೆಯೊಂದುಂಟು: 1955ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿತವಾದ ‘ಸ್ಟಡಿ ಇನ್ ಬ್ರೌನ್’. ತಾಳಮದ್ದಳೆಯ ಸೀಮೆಯವನಿಗೆ ಅಮೆರಿಕದ ಜಾಸ್ ಸಂಗೀತದ ಗೀಳೇಕೆಂದು ವಾಚಕರು ಕೇಳಬಹುದು. ಭಾಗವತರ ಪದವೂ ಮದ್ದಳೆಯ ಪೆಟ್ಟೂ ಒಂದನ್ನೊಂದು ಕೆಣಕುತ್ತ ಏರುವುದನ್ನು ಬಾಲ್ಯದಿಂದ ಕೇಳಿದ ಕಿವಿಗೆ ಕ್ಲಿಫರ್ಡ್ ಬ್ರೌನನ ಟ್ರಂಪೆಟ್ಟೂ ಮ್ಯಾಕ್ಸ್ ರೋಚನ ಡ್ರಮ್ಮೂ ಅಪರಿಚಿತವೆನಿಸಲಿಲ್ಲ.

ಬ್ರೌನ್ ಹುಟ್ಟಿದ್ದು 1930ರಲ್ಲಿ, ಡೆಲವೇರ್ ಸಂಸ್ಥಾನದ ವಿಲ್ಮಿಂಗ್‌ಟನ್ ನಗರದಲ್ಲಿ. ತಂದೆಯ ತುತ್ತೂರಿಯ ಹೊಳಪಿಗೆ ಮರುಳಾದ ಈ ಹುಡುಗನು ಕಾಲೇಜಿನಲ್ಲಿ ಗಣಿತವನ್ನೂ ಓದಿದನು. ಚದುರಂಗವೆಂದರೆ ಅವನಿಗೆ ಪ್ರಾಣ. 1950ರಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ ಹಿರಿಯ ವಾದಕ ಡಿಜ್ಜಿ ಗಿಲೆಸ್ಪಿ ಬಂದು ಧೈರ್ಯ ಹೇಳಿದನು. 1954ರಲ್ಲಿ ಬ್ರೌನ್ ರೋಚನೊಡನೆ ಐವರ ಮೇಳ ಕಟ್ಟಿದನು. ಹಾರ್ಡ್ ಬಾಪ್ ಎಂದು ಹೆಸರಾದ ಶೈಲಿಗೆ ಆ ಮೇಳವೇ ಮೇಲ್ಪಂಕ್ತಿಯೆಂದರೆ ಅತಿಶಯೋಕ್ತಿಯಲ್ಲ.

ಮುದ್ರಿಕೆಯ ಮೊದಲ ಕೃತಿ ‘ಚೆರೋಕೀ’. ಅದರ ವೇಗಕ್ಕೆ ಉಸಿರು ಹತ್ತುತ್ತದೆ, ಕೇಳುವವನಿಗೆ, ಊದುವವನಿಗಲ್ಲ. ಅಡಕೆಯ ಮರದ ತುದಿಯಿಂದ ಇನ್ನೊಂದರ ತುದಿಗೆ ದಾಟುವ ನಮ್ಮ ಕೊನೆಗೌಡನ ಹಾಗೆ ಅವನು ಸ್ವರದಿಂದ ಸ್ವರಕ್ಕೆ ದಾಟುತ್ತಾನೆ. ಹಿಡಿತ ಎಲ್ಲಿಯೂ ತಪ್ಪುವುದಿಲ್ಲ. ಆದರೆ ನನಗೆ ಹೆಚ್ಚು ಪ್ರಿಯವಾದುದು ಅವನೇ ರಚಿಸಿದ ‘ಸ್ಯಾಂಡೂ’ ಎಂಬ ಸಾವಧಾನದ ಬ್ಲೂಸ್.

ಆ ಕಾಲದ ಜಾಸ್ ವಾದಕರಲ್ಲಿ ಹೆರಾಯಿನ್ನಿನ ಹಾವಳಿ ಬಹಳ. ಮಹಾವಾದಕ ಚಾರ್ಲಿ ಪಾರ್ಕರನು ವ್ಯಸನಿಯಾಗಿದ್ದುದರಿಂದ, ವ್ಯಸನವೇ ಪ್ರತಿಭೆಯ ಮೂಲವೆಂದು ಎಷ್ಟೋ ತರುಣರು ಭ್ರಮಿಸಿದ್ದರು. ಈ ಮುದ್ರಣ ಮುಗಿದು ತಿಂಗಳು ತುಂಬುವ ಮೊದಲೇ ಪಾರ್ಕರ್ ತನ್ನ 34ನೆಯ ವಯಸ್ಸಿನಲ್ಲಿ ತೀರಿಕೊಂಡನು. ಬ್ರೌನನಾದರೋ ಮಾದಕಗಳಿಂದ ದೂರವುಳಿದವನು. ಉಪದೇಶಕ್ಕೆ ಹೋಗಲಿಲ್ಲ; ಊದಿ ತೋರಿಸಿದನು. ವ್ಯಸನದಿಂದ ಬಿಡಿಸಿಕೊಂಡು ಅದೇ ವರ್ಷದ ಕೊನೆಗೆ ಮೇಳವನ್ನು ಸೇರಿದ ಸ್ಯಾಕ್ಸೊಫೋನ್ ವಾದಕ ಸನ್ನಿ ರೋಲಿನ್ಸನಿಗೆ ಈ ಸಮವಯಸ್ಕನ ನಡತೆಯೇ ಆಸರೆಯಾಯಿತು.

1956ರ ಜೂನ್ 26ರ ರಾತ್ರಿ, ಶಿಕಾಗೋ ನಗರದ ಕಚೇರಿಗೆಂದು ಹೊರಟ ಕಾರು ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಮಳೆಗೆ ಜಾರಿ ಉರುಳಿತು. ಮೇಳದ ಪಿಯಾನೋ ವಾದಕ ರಿಚಿ ಪೊವೆಲ್, ಅವನ ಹೆಂಡತಿ, ಬ್ರೌನ್—ಮೂವರೂ ಉಳಿಯಲಿಲ್ಲ. ಬ್ರೌನನಿಗೆ ಆಗ 25 ವರ್ಷ. ಇದನ್ನು ತಿಳಿದ ಮೇಲೆ, ಹೊರಗೆ ಮಳೆ ಹೊಯ್ಯುತ್ತಿರುವಾಗ ‘ಚೆರೋಕೀ’ಯ ವೇಗವನ್ನು ನಾನು ತಾಳಲಾರೆ, ‘ಸ್ಯಾಂಡೂ’ವನ್ನೇ ಹಾಕಿಕೊಂಡು ಕೂಡುತ್ತೇನೆ.