ದಿವಾನ್ ಪೂರ್ಣಯ್ಯನವರು

ಹೈದರಾಲಿ, ಟಿಪ್ಪು ಸುಲ್ತಾನ್, ಮುಮ್ಮಡಿ ಕೃಷ್ಣರಾಜ ಒಡೆಯರು, ಹೀಗೆ ಮೂವರು ಪ್ರಭುಗಳ ಸೇವೆಗೈದವರು ಪೂರ್ಣಯ್ಯನವರು. ಆ ಕಾರಣದಿಂದಲೇ ಅವರ ಹೆಸರು ಇಂದಿಗೂ ವಾದಗ್ರಸ್ತವಾಗಿದೆ.

ಲೆಕ್ಕಪತ್ರಗಳಲ್ಲಿನ ನೈಪುಣ್ಯದಿಂದ ಅವರು ಹೈದರನ ವಿಶ್ವಾಸವನ್ನು ಗಳಿಸಿದರು. 1782ರ ಡಿಸೆಂಬರಿನಲ್ಲಿ ಆತನು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡಾಗ, ಟಿಪ್ಪುವು ಮಲಬಾರಿನಿಂದ ಬರುವವರೆಗೆ ಮರಣವಾರ್ತೆಯನ್ನು ಗುಟ್ಟಾಗಿಟ್ಟು ಸೈನ್ಯವು ಚದರದಂತೆ ಕಾದವರಲ್ಲಿ ಇವರು ಪ್ರಮುಖರು. ಇದು ದ್ರೋಹಿಯ ನಡತೆಯಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದನು. ಎರಡು ತಿಂಗಳೊಳಗೆ ಪೂರ್ಣಯ್ಯನವರು ಬಾಲಕನಾಗಿದ್ದ ಒಡೆಯರ ದಿವಾನರಾದರು. ಗೆದ್ದವರ ಕೈಯಿಂದ ಅಧಿಕಾರವನ್ನು ಪಡೆದರೆಂಬುದು ಅವರ ಮೇಲಿನ ದೊಡ್ಡ ದೂರು. ಕೋಟೆಯು ಬಿದ್ದ ದಿನದ ಅವರ ನಡತೆಯನ್ನು ಕುರಿತ ಶಂಕೆಯೂ ಅಳಿದಿಲ್ಲ. ಆದರೆ ಶಂಕೆಯನ್ನೇ ತೀರ್ಪೆಂದು ಬಗೆಯಲು ನಾವು ಒಪ್ಪೆವು.

ಕಂಪೆನಿಗೆ ವರ್ಷಕ್ಕೆ 7 ಲಕ್ಷ ವರಹಗಳನ್ನು ತೆರುತ್ತಲೇ ಅವರು ಕೆರೆಕಾಲುವೆಗಳನ್ನು ದುರಸ್ತಿಗೊಳಿಸಿದರು, ಬೊಕ್ಕಸವನ್ನು ತುಂಬಿದರು. ಕಾವೇರಿಗೆ ಕಟ್ಟಿಸಿದ ಸೇತುವೆಗೆ ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿತ್ತರು. 1807ರಲ್ಲಿ ಯಳಂದೂರು ಜಹಗೀರು ದೊರೆಯಿತು. 1811ರಲ್ಲಿ ಅಧಿಕಾರವನ್ನು ಬಿಟ್ಟು, ಮರುವರ್ಷದ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಕಾಲವಾದರು.

ಅವರ ನಿಜವಾದ ಲೋಪವು ಬೇರೆಯೆಂದು ನಮಗೆ ತೋರುತ್ತದೆ. ಹನ್ನೆರಡು ವರ್ಷ ಸಮಸ್ತ ಅಧಿಕಾರವನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡ ಅವರು, ಎಳೆಯ ಅರಸನನ್ನು ರಾಜ್ಯಭಾರಕ್ಕೆ ಅಣಿಗೊಳಿಸಲಿಲ್ಲ. 1831ರಲ್ಲಿ ಆಡಳಿತವು ಕಂಪೆನಿಯ ವಶವಾಯಿತು. ಬೊಕ್ಕಸವನ್ನು ತುಂಬಿದಷ್ಟಕ್ಕೇ ಮಂತ್ರಿಯ ಹೊಣೆಯು ಮುಗಿಯದು. ತನ್ನ ಬಳಿಕ ಆಳುವವರನ್ನು ಸಿದ್ಧಗೊಳಿಸುವುದೂ ಅವನ ಧರ್ಮವೇ.