ರೂಸ್‌ವೆಲ್ಟರ ಬಿಸಿನೀರಿನ ಕೊಳ

ಅಮೆರಿಕದ ಅಧ್ಯಕ್ಷರಾಗಿ ನಾಲ್ಕು ಬಾರಿ ಚುನಾಯಿತರಾದವರು ಒಬ್ಬರೇ, ಫ್ರಾಂಕ್ಲಿನ್ ರೂಸ್‌ವೆಲ್ಟರು. ಎರಡನೆಯ ಮಹಾಯುದ್ಧದ ಪಾಠದಲ್ಲಿ ಅವರ ಹೆಸರನ್ನು ನಾವೆಲ್ಲ ಓದಿದ್ದೇವೆ. ಆದರೆ ಕಾಲಿಗೆ ಉಕ್ಕಿನ ಪಟ್ಟಿ ಕಟ್ಟದೆ ಅವರು ಎದ್ದು ನಿಲ್ಲಲಾರದವರಾಗಿದ್ದರು ಎಂಬುದನ್ನು ಬಲ್ಲವರು ಕಡಮೆ. ನನ್ನ ಮನಸ್ಸನ್ನು ಸೆಳೆದುದು ಅವರ ಜೀವನದ ಈ ಭಾಗವೇ.

ಅವರು 1882ರಲ್ಲಿ ನ್ಯೂಯಾರ್ಕಿನ ಹೈಡ್ ಪಾರ್ಕಿನಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದರು. 1921ರ ಆಗಸ್ಟಿನಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಜ್ವರ ಬಂದು ಎರಡು ಕಾಲುಗಳೂ ಸ್ವಾಧೀನ ತಪ್ಪಿದುವು. ವೈದ್ಯರು ಪೋಲಿಯೋ ಎಂದರು. ರಾಜಕೀಯ ಜೀವನ ಮುಗಿಯಿತೆಂದೇ ಹಲವರು ಭಾವಿಸಿದರು.

ಜಾರ್ಜಿಯಾ ಪ್ರಾಂತದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ ಸುಮಾರು 31 ಡಿಗ್ರಿ ಸೆಲ್ಸಿಯಸ್ ಉಷ್ಣದ ಚಿಲುಮೆಯ ನೀರಿದೆ. ಅಲ್ಲಿ ಈಜಿ ಚೇತರಿಸಿಕೊಂಡ ತರುಣನೊಬ್ಬನ ಸಮಾಚಾರ ಕೇಳಿ ಅವರು 1924ರಲ್ಲಿ ಆ ಊರಿಗೆ ಹೋದರು. ನೆಲದ ಮೇಲೆ ಅಲುಗದ ಕಾಲು ನೀರಿನಲ್ಲಿ ಅಲುಗಿತು. ಸುದ್ದಿ ಹರಡಿ ಇತರ ರೋಗಿಗಳೂ ಬಂದಾಗ, ರೂಸ್‌ವೆಲ್ಟರೇ ಕೊಳದಲ್ಲಿ ಅವರಿಗೆ ವ್ಯಾಯಾಮ ಹೇಳಿಕೊಟ್ಟರು. 1926ರಲ್ಲಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ಸುರಿದು ಆ ಸ್ಥಳವನ್ನೇ ಕೊಂಡು, ಮರುವರ್ಷ ಚಿಕಿತ್ಸಾ ಸಂಸ್ಥೆಯನ್ನು ಸ್ಥಾಪಿಸಿದರು.

ಇದರಲ್ಲಿ ಪವಾಡವೇನೂ ಇಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತವನ ಕಾಲಿನ ಮೇಲೆ ಮೈಭಾರದ ಸುಮಾರು ಅರ್ಧ ಮಾತ್ರ ಬೀಳುತ್ತದೆ. ಕತ್ತಿನ ಮಟ್ಟದಲ್ಲಿ ಹತ್ತರಲ್ಲೊಂದು ಪಾಲು. ಬೆಚ್ಚನೆಯ ನೀರು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ನೀರಿನ ತಡೆಯೇ ಸ್ನಾಯುವಿಗೆ ಬಲ ಕೊಡುತ್ತದೆ. ಸಂಧಿವಾತದವರಿಗೂ ಮಂಡಿಯ ಶಸ್ತ್ರಚಿಕಿತ್ಸೆಯಾದವರಿಗೂ ಇಂದು ವೈದ್ಯರು ನೀರಿನ ವ್ಯಾಯಾಮ ಹೇಳುವುದು ಇದಕ್ಕಾಗಿಯೇ. ಆದರೆ ಸತ್ತ ನರಕ್ಕೆ ಜೀವ ತುಂಬಲು ನೀರಿಗೆ ಸಾಧ್ಯವಿಲ್ಲ. ರೂಸ್‌ವೆಲ್ಟರು ಮತ್ತೆಂದೂ ಮೊದಲಿನಂತೆ ನಡೆಯಲಿಲ್ಲ. ದೇಹದ ಬಲವನ್ನೂ ಧೈರ್ಯವನ್ನೂ ಪಡೆದು, 1928ರಲ್ಲಿ ನ್ಯೂಯಾರ್ಕಿನ ಗವರ್ನರಾಗಿ, 1932ರಲ್ಲಿ ಅಧ್ಯಕ್ಷರಾಗಿ ಆರಿಸಿ ಬಂದರು. 1933ರಲ್ಲಿ ಪತ್ರಿಕೆಯೊಂದು ಜನರಿಂದ ಕೂಡಿಸಿದ ಹಣದಿಂದ ಶ್ವೇತಭವನದಲ್ಲಿಯೂ ಅವರಿಗೊಂದು ಈಜುಕೊಳವಾಯಿತು.

ಒಂದು ಕುಂದನ್ನು ಮರೆಮಾಚಲಾಗದು. ಆ ಕಾಲದಲ್ಲಿ ವಾರ್ಮ್ ಸ್ಪ್ರಿಂಗ್ಸಿನ ಕೊಳಕ್ಕೆ ಬಿಳಿಯ ರೋಗಿಗಳಿಗೆ ಮಾತ್ರ ಪ್ರವೇಶವಿತ್ತು. ಕರಿಯ ಮಕ್ಕಳಿಗಾಗಿ ಟಸ್ಕೀಗಿಯಲ್ಲಿ ಚಿಕಿತ್ಸಾಲಯ ತೆರೆದುದು 1941ರಲ್ಲಿ. ನೀರಿಗೆ ಇಲ್ಲದ ಭೇದ ಕೊಳದ ಬಾಗಿಲಿಗಿತ್ತು.

ರೂಸ್‌ವೆಲ್ಟರು 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸಿನಲ್ಲಿಯೇ ತೀರಿಕೊಂಡರು. 1938ರಲ್ಲಿ ಅವರು ಸ್ಥಾಪಿಸಿದ ಪ್ರತಿಷ್ಠಾನದ ಹಣದಿಂದ ಸಿದ್ಧವಾದ ಸಾಕ್ ಅವರ ಪೋಲಿಯೋ ಲಸಿಕೆ ಫಲಕಾರಿಯೆಂದು ಪ್ರಕಟವಾದುದು 1955ರ ಅದೇ ದಿನ.

ನಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲನೆಯವನು. ಕಳಸದ ಸುತ್ತಣ ಇಳಿಜಾರಿನ ತೋಟಗಳಲ್ಲಿ ಕಾಫಿ ಹಣ್ಣು ಕೊಯ್ದು, ಮೂಟೆ ಹೊತ್ತು, ನನ್ನ ಅವ್ವನ ಮಂಡಿಗಳು ಸವೆದಿವೆ. ನನ್ನ ಓದಿನ ಖರ್ಚು ಬಂದುದು ಆ ಮಂಡಿಗಳಿಂದಲೇ. ನಮ್ಮಲ್ಲಿ ಪಂಚತೀರ್ಥಗಳಿವೆ, ಭದ್ರೆ ಹರಿಯುತ್ತಾಳೆ. ಆದರೆ ಕಲ್ಲು ಸೆಳವುಗಳ ಹೊಳೆ ನೋವಿನ ಕಾಲಿಗೆ ತಕ್ಕದ್ದಲ್ಲ. ಕಂಬಿ ಹಿಡಿದು ಇಳಿಯಬಲ್ಲ ಎದೆಮಟ್ಟದ ಬೆಚ್ಚನೆಯ ಕೊಳವೊಂದು, ಹೇಳಿಕೊಡಲು ಬಲ್ಲವರೊಬ್ಬರು, ಇಷ್ಟು ತಾಲ್ಲೂಕಿಗೊಂದು ಆಸ್ಪತ್ರೆಯಲ್ಲಿದ್ದರೆ ಸಾಕು. ಸಿರಿವಂತರೊಬ್ಬರು ತಮಗೆ ದೊರೆತುದನ್ನು ಇತರರಿಗೂ ತೆರೆದರು. ಅವರು ತೆರೆಯದೆ ಬಿಟ್ಟ ಬಾಗಿಲನ್ನೂ ತೆರೆಯುವುದು ವಿದ್ಯಾವಂತರಾಗಿ ಹೊರಡುವ ನಮ್ಮ ಪಾಲಿನ ಕೆಲಸ.