ಮಳಖೇಡದ ಅರಸ ಬೆರಳು ಕೊಟ್ಟಿದ್ದು ಯಾಕೆ?

ವಾಡಿಯಿಂದ ಸೇಡಂ ಕಡೆ ರೈಲು ಹತ್ತಿದರೆ ಚಿತ್ತಾಪುರ ದಾಟಿದ ಮೇಲೆ ಮಳಖೇಡ ರೋಡ್ ಸ್ಟೇಷನ್ ಸಿಗುತ್ತದೆ. ಸಿಮೆಂಟ್ ಲಾರಿಗಳ ಧೂಳಿನ ಆಚೆ, ಕಾಗಿಣಾ ನದಿ ದಂಡೆ ಮೇಲಿನ ಆ ಊರೇ ಹಿಂದಿನ ಮಾನ್ಯಖೇಟ. ಅದನ್ನು ರಾಜಧಾನಿಯಾಗಿ ಕಟ್ಟಿದವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಆಳಿದ್ದು ಸುಮಾರು 64 ವರ್ಷ. ಇಷ್ಟು ನಮ್ಮ ಮಂದಿಗೆ ಗೊತ್ತು. ಆ ಕಿರೀಟದ ಕೆಳಗಿದ್ದ ತಲೆಯೊಳಗೆ ಏನಿತ್ತು ಅಂತ ಕೇಳಿದವರು ಕಡಿಮೆ.

ಅಪ್ಪ ಮೂರನೇ ಗೋವಿಂದ ಕನೌಜಿನಿಂದ ಕಂಚಿಯವರೆಗೆ ಗೆದ್ದ ಗಂಡು. ಅವನು 814ರಲ್ಲಿ ತೀರಿಕೊಂಡಾಗ ಮಗನಿಗೆ ಸುಮಾರು 14 ವರ್ಷ. ಅಂಥ ಅಪ್ಪನ ಜಾಗದಲ್ಲಿ ಕೂರೋದು ಹುಡುಗಾಟವಲ್ಲ. ಕೆಲವೇ ವರ್ಷಗಳಲ್ಲಿ ಸಾಮಂತರು ತಿರುಗಿಬಿದ್ದರು, ಪಟ್ಟವೂ ಕೈತಪ್ಪಿತು. ಗುಜರಾತಿನ ದಾಯಾದಿ ಕರ್ಕ ನಿಂತು 821ರ ಹೊತ್ತಿಗೆ ಮತ್ತೆ ಪಟ್ಟಕ್ಕೆ ಕೂರಿಸಿದ. ಆಮೇಲೂ ನೆಮ್ಮದಿ ಇರಲಿಲ್ಲ. ಗಂಗರ ಜೊತೆ ಬಹಳ ವರ್ಷ ಜಗಳ. ಕೊನೆಗೆ ಮಗಳನ್ನು ಗಂಗ ಕುಮಾರ ಬೂತುಗನಿಗೆ ಕೊಟ್ಟು ಅದನ್ನು ತಣ್ಣಗೆ ಮಾಡಿದ. ರಾಜಧಾನಿಯಲ್ಲೇ ದಂಗೆ ಎದ್ದಾಗ ಸೇನಾಪತಿ ಬಂಕೇಶ ದೂರದ ಯುದ್ಧ ಬಿಟ್ಟು ಓಡಿಬರಬೇಕಾಯಿತು. ಆ ದಂಗೆಯಲ್ಲಿ ಸ್ವಂತ ಮಗನೂ ಸೇರಿದ್ದ ಎನ್ನುತ್ತದೆ ಕೊಣ್ಣೂರು ಶಾಸನ. ಅವನು ಕೃಷ್ಣನೇ ಎಂಬುದು ಇತಿಹಾಸಕಾರರ ಲೆಕ್ಕ.

ಹೊರಗಿನವರಿಗೆ ಇದೆಲ್ಲ ಕಾಣಲಿಲ್ಲ. 851ರ ಅರಬ್ಬೀ ಬರಹವೊಂದು, ವ್ಯಾಪಾರಿ ಸುಲೈಮಾನನದು ಅಂತ ಹೇಳುತ್ತಾರೆ, ಬಗ್ದಾದಿನ ಖಲೀಫ, ಚೀನಾ ಮತ್ತು ರೂಮ್ ದೊರೆಗಳ ಸಾಲಿನಲ್ಲಿ ಜಗತ್ತಿನ ನಾಲ್ಕನೇ ದೊಡ್ಡ ಅರಸನನ್ನಾಗಿ ರಾಷ್ಟ್ರಕೂಟ ದೊರೆಯನ್ನು ಎಣಿಸಿದೆ. ಇತ್ತ ಆಸ್ಥಾನದಲ್ಲಿ ಶ್ರೀವಿಜಯನ ಕವಿರಾಜಮಾರ್ಗ, ಮಹಾವೀರಾಚಾರ್ಯನ ಗಣಿತ ಗ್ರಂಥ ಹುಟ್ಟಿದವು.

ಅರಸನಿಗೆ ಅಂಜಿಕೆ ಇತ್ತು ಅಂತ ಯಾವ ಶಾಸನವೂ ಬರೆಯೋದಿಲ್ಲ. ಶಾಸನ ಇರೋದೇ ಹೊಗಳಲಿಕ್ಕೆ. ಆದರೆ ಆತ ಮಾಡಿದ್ದನ್ನು ನೋಡಬೇಕು. 871ರ ಸಂಜಾನ್ ತಾಮ್ರಪಟದ ಪ್ರಕಾರ, ಪ್ರಜೆಗಳಿಗೆ ಬಂದ ಆಪತ್ತು ಕಳೆಯಲಿ ಅಂತ ಅವನು ತನ್ನ ಎಡಗೈ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದ. ಇದನ್ನು ತ್ಯಾಗ ಅನ್ನುವುದು ವಾಡಿಕೆ, ಸರಿಯೂ ಹೌದು. ಆದರೆ ಊರಿಗೆ ಬಂದ ಕೇಡು ತನ್ನ ತಲೆ ಮೇಲಿದೆ ಅಂತ ರಾತ್ರಿಯೆಲ್ಲ ಎಣಿಸುವವನೇ ಇಂಥ ಹರಕೆ ಹೊರುತ್ತಾನೆ.

ಅದೇ ತಾಮ್ರಪಟ ಇನ್ನೊಂದು ಮಾತು ಹೇಳುತ್ತದೆ: ಅವನು ಒಂದಲ್ಲ, ಹಲವು ಸಲ ರಾಜ್ಯ ಬಿಟ್ಟಿದ್ದ. ಅಂದರೆ ಬಿಟ್ಟು ಮತ್ತೆ ಬಂದಿದ್ದ. ಇಂಥ ದೊಡ್ಡ ಗಾದಿಯಿಂದ ಎದ್ದುಹೋಗಿ, ಉಸಿರು ತಗೊಂಡು, ಮತ್ತೆ ಬಂದು ಕೂತ ಅರಸರು ಎಷ್ಟು ಮಂದಿ? ಜೈನ ಮುನಿ ಜಿನಸೇನರ ಪಾದಕ್ಕೆ ಬಾಗಿದಾಗ ತಾನು ಪವಿತ್ರನಾದೆ ಅಂತ ಅವನಿಗೆ ಅನಿಸುತ್ತಿತ್ತೆಂದು ಮುನಿಗಳ ಶಿಷ್ಯ ಗುಣಭದ್ರರು ಬರೆದಿದ್ದಾರೆ. ದರ್ಬಾರಿನಲ್ಲಿ ಎಲ್ಲರೂ ಅವನಿಗೆ ಬಾಗುತ್ತಿದ್ದರು. ಅವನು ಭಾರ ಇಳಿಸಲಿಕ್ಕೆ ಇದ್ದ ಜಾಗ ಬಹುಶಃ ಅದೊಂದೇ.

ಪ್ರಶ್ನೋತ್ತರ ರತ್ನಮಾಲಿಕೆ ಎಂಬ ಸಣ್ಣ ಸಂಸ್ಕೃತ ಪುಸ್ತಕವೂ ಅವನ ಹೆಸರಿನಲ್ಲಿದೆ. ಬೇರೆಯವರದು ಅನ್ನುವವರೂ ಇದ್ದಾರೆ. ಬರೆದವನು ವಿವೇಕದಿಂದ ರಾಜ್ಯ ಬಿಟ್ಟ ಅಮೋಘವರ್ಷ ಎಂದು ಅದರ ಕೊನೆಯಲ್ಲಿದೆ.

878ರ ಸುಮಾರಿಗೆ ಅವನ ಕಾಲ ಮುಗಿಯಿತು. ಪಟ್ಟ ಹೋಗಿದ್ದು ಅದೇ ಮಗ ಕೃಷ್ಣನಿಗೆ.